ತೋಟಾ ಕೈಗೆ ಬರಬೇಕೋ, ಹಿಂದಕ್ಕೆ ಹಾರಬೇಕೋ: ಮೂರು ಕೋವಿಗಳ ಹೋಲಿಕೆ

ತೀರ್ಥಹಳ್ಳಿ, ಆಗುಂಬೆ ಕಡೆಯ ತೋಟಗಳಲ್ಲಿ ಮಳೆಗಾಲಕ್ಕೆ ಕೋವಿ ಕೈಕೊಡುವುದು ಹೆಚ್ಚಾಗಿ ಹೊಡೆಯುವಾಗ ಅಲ್ಲ, ಹೊಡೆದ ಮೇಲೆ. ಖಾಲಿ ತೋಟಾ (ಕಾರ್ಟ್ರಿಜ್) ನಳಿಗೆಯಲ್ಲೇ ಕಚ್ಚಿಕೊಂಡು ಕೂರುತ್ತದೆ. ಉಗುರು ಹಾಕಿ ಎಳೆದರೂ ಬರುವುದಿಲ್ಲ. ಅಷ್ಟರಲ್ಲಿ ಮಂಗಗಳ ಹಿಂಡು ಮುಂದಿನ ಸಾಲಿಗೆ ಹಾರಿ ಎಳೆ ಅಡಿಕೆ ಕೀಳಲು ಶುರು ಮಾಡಿರುತ್ತದೆ. ಕೋವಿ ತಗೊಳ್ಳುವಾಗ ನಳಿಗೆಯ ಉದ್ದ, ತೂಕ ಎಲ್ಲ ನೋಡುತ್ತೇವೆ. ತೋಟಾ ಹೊರಗೆ ಬರುವ ಬಗೆಯನ್ನೂ ಅಷ್ಟೇ ಗಮನ ಕೊಟ್ಟು ನೋಡಬೇಕು.

ನಾನು ಹತ್ತಿರದಿಂದ ಬಲ್ಲ ಕೋವಿಗಳು ಮೂರು. ಮೂರೂ 12 ಬೋರಿನವೇ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ). ಒಂದು ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯ ಜೋಡಿ ನಳಿಗೆ. ಇನ್ನೊಂದು ಅಜ್ಜನ ಕಾಲದ ಇಂಗ್ಲಿಷ್ ಜೋಡಿ ನಳಿಗೆ. ಇವೆರಡು ನನ್ನ ಲೈಸೆನ್ಸಿನಲ್ಲಿವೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮೂರನೆಯದು ಭಾವನ ಪಂಪ್ ಆಕ್ಷನ್. ಅದರ ಲೈಸೆನ್ಸ್ ಅವರದ್ದು, ಹೊಡೆಯುವುದೂ ಅವರೇ. ನಾನು ಪಕ್ಕದಲ್ಲಿ ನಿಂತು ತೋಟಾ ಎಲ್ಲಿ ಬೀಳುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುತ್ತೇನೆ. ನಾವು ಈಡು ಹೊಡೆಯುವುದು ಪ್ರಾಣಿಗಲ್ಲ, ಹೆದರಿಸಿ ಓಡಿಸಲಿಕ್ಕೆ. ಹೋಲಿಕೆಯನ್ನೂ ಆ ಕೆಲಸದ ಮಟ್ಟಿಗೇ ಮಾಡಿದ್ದೇನೆ.

ಇಶಾಪುರದ್ದು ಎಕ್ಸ್‌ಟ್ರ್ಯಾಕ್ಟರ್ ಮಾದರಿ. ಕೋವಿ ಮಡಚಿದಾಗ ನಳಿಗೆಯ ಹಿಂಬದಿಯಲ್ಲಿರುವ ಒಂದು ಉಕ್ಕಿನ ತುಂಡು ಹೊರಗೆ ಸರಿದು, ಎರಡೂ ತೋಟಾಗಳ ಅಂಚನ್ನು ಹಿಡಿದು ಸ್ವಲ್ಪ ಮೇಲೆತ್ತುತ್ತದೆ. ಅಷ್ಟೇ ಅದರ ಕೆಲಸ. ಮಿಕ್ಕಿದ್ದು ನಮ್ಮ ಬೆರಳಿನದು. ಇದರಲ್ಲಿ ಸ್ಪ್ರಿಂಗ್ ಎಗರಿಸುವ ಆಟ ಇಲ್ಲ. ನಾವು ಕೋವಿ ಮಡಚುವ ಬಲವೇ ಸನ್ನೆಕೋಲಾಗಿ ತೋಟಾದ ಮೇಲೆ ಬೀಳುತ್ತದೆ. ತೋಟಾ ಬಿಗಿಯಾಗಿದ್ದರೆ ಇನ್ನೂ ಸ್ವಲ್ಪ ಒತ್ತಿ ಮಡಚಬಹುದು. ಕೈಗೆ ಅದರ ಬಿಗಿ ಗೊತ್ತಾಗುತ್ತದೆ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಕಷ್ಟಪಟ್ಟು ಹೊರಬರುವ ತೋಟಾ ಏನೋ ಒಂದು ತೊಂದರೆ ಹೇಳುತ್ತಿರುತ್ತದೆ: ಚೇಂಬರಿನಲ್ಲಿ (ನಳಿಗೆಯೊಳಗೆ ತೋಟಾ ಕೂರುವ ಜಾಗ) ತುಕ್ಕು, ತೋಟಾ ಉಬ್ಬಿದ್ದು, ಇಲ್ಲವೇ ಉದ್ದ ತಪ್ಪಾದದ್ದು.

ಕೊರತೆಯೂ ಇದೆ. ಹೊಡೆದದ್ದು, ಹೊಡೆಯದ್ದು ಎರಡೂ ಒಂದೇ ಮಟ್ಟಕ್ಕೆ ಏಳುತ್ತವೆ. ರಾತ್ರಿ ಗದ್ದೆ ಮಾಳದಲ್ಲಿ (ಕಾವಲು ಅಟ್ಟ) ಕೂತಾಗ ಯಾವುದು ಖಾಲಿ ಎಂದು ಬೆರಳಿನಲ್ಲಿ ತಡವಿ ನೋಡಬೇಕು. ಕೈ ಒದ್ದೆಯಾಗಿದ್ದರೆ ಪ್ಲಾಸ್ಟಿಕ್ ತೋಟಾ ಜಾರುತ್ತದೆ. ಹಿತ್ತಾಳೆಯ ಅಂಚಿನ ಕೆಳಗೆ ಉಗುರು ಕೊಟ್ಟರೆ ಮಾತ್ರ ಬರುತ್ತದೆ.

ಇನ್ನು ಅಜ್ಜನ ಕೋವಿ. ಇದು ಇಜೆಕ್ಟರ್ ಮಾದರಿ. ಇದರ ಒಳಗಿನ ಕೆಲಸ ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ಎಕ್ಸ್‌ಟ್ರ್ಯಾಕ್ಟರಿನಲ್ಲಿ ಒಂದೇ ತುಂಡಾಗಿರುವುದು ಇಲ್ಲಿ ಎರಡು ಹೋಳು. ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರದ ತುಂಡಿನೊಳಗೆ ಪ್ರತಿ ನಳಿಗೆಗೂ ಒಂದು ಪುಟ್ಟ ಸುತ್ತಿಗೆ, ಒಂದು ಸ್ಪ್ರಿಂಗ್. ಈಡು ಹೊಡೆದ ನಳಿಗೆಯ ಸುತ್ತಿಗೆ ಮಾತ್ರ ಬಿಡುಗಡೆಗೆ ಸಿದ್ಧವಾಗುತ್ತದೆ. ಕೋವಿ ಮಡಚಿದಾಗ ಮೊದಲು ತೋಟಾ ನಿಧಾನಕ್ಕೆ ಮೇಲೇಳುತ್ತದೆ. ಕೊನೆಯ ಹಂತದಲ್ಲಿ ಸುತ್ತಿಗೆ ಟಪ್ ಎಂದು ಹೊಡೆದು ಅದನ್ನು ಹೆಗಲಾಚೆ ಹಾರಿಸುತ್ತದೆ. ಹೊಡೆಯದ ತೋಟಾ ಬರೀ ಮೇಲೆದ್ದು ನಿಲ್ಲುತ್ತದೆ. ಕತ್ತಲಲ್ಲಿ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಹಾರಿದ್ದು ಖಾಲಿ, ಉಳಿದದ್ದು ಭರ್ತಿ. ಎರಡನೇ ಜೊತೆ ತುಂಬುವ ವೇಗದಲ್ಲೂ ಇಶಾಪುರದ್ದು ಇದರ ಹತ್ತಿರ ಬರುವುದಿಲ್ಲ.

ಆದರೆ ಇದನ್ನು ಸರಿಯಾಗಿ ಇಟ್ಟುಕೊಳ್ಳುವುದು ಒಂದು ಕೆಲಸವೇ ಸರಿ. ಎರಡೂ ನಳಿಗೆ ಹೊಡೆದಾಗ ಎರಡೂ ತೋಟಾ ಒಟ್ಟಿಗೆ ಹಾರಿ ಹತ್ತಿರ ಹತ್ತಿರ ಬೀಳಬೇಕು. ಒಂದು ದೂರ, ಒಂದು ಕಾಲ ಬುಡದಲ್ಲಿ ಬಿತ್ತು ಅಂದರೆ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದೋ ಆ ಕಡೆಯ ಸ್ಪ್ರಿಂಗ್ ಸೋತಿದೆ, ಇಲ್ಲವೇ ಸುತ್ತಿಗೆ ಬಿಡುವ ಹೊತ್ತು ಹಿಂದುಮುಂದಾಗಿದೆ, ಇಲ್ಲವೇ ಎಣ್ಣೆ ಗಟ್ಟಿಯಾಗಿ ಹಿಡಿದುಕೊಂಡಿದೆ. ನಮ್ಮ ಕಡೆ ಮೂರನೆಯದೇ ಜಾಸ್ತಿ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತದಲ್ವಾ, ಅದನ್ನೇ ಕೋವಿಗೂ ಸವರುವವರಿದ್ದಾರೆ. ಅದು ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟುತ್ತದೆ. ಹೊರಗಿನ ಉಕ್ಕಿಗೆ ನಡೆದೀತು, ಇಜೆಕ್ಟರಿನ ಒಳಗೆ ಖಂಡಿತ ಬೇಡ. ತೆಳುವಾದ ಕೋವಿ ಎಣ್ಣೆ ಒಂದು ಹನಿ ಹಾಕಿ, ಜಾಸ್ತಿಯಾದದ್ದನ್ನು ಒರೆಸಿ ತೆಗೆಯುವುದು ಒಳ್ಳೆಯದು.

ಇದನ್ನು ಪರೀಕ್ಷಿಸಲು ಜೀವಂತ ತೋಟಾ ಸುಡಬೇಕಿಲ್ಲ. ನಾನು ಡಮ್ಮಿ ತೋಟಾ ಬಳಸುತ್ತೇನೆ. ಮದ್ದಿಲ್ಲ, ಹಿಂದೆ ಕ್ಯಾಪ್ ಇರುವ ಜಾಗದಲ್ಲಿ ಸ್ಪ್ರಿಂಗಿನ ಗುಂಡಿ. ಎರಡೂ ನಳಿಗೆಯಲ್ಲಿ ಹಾಕಿ ಎರಡೂ ಕುದುರೆ (ಟ್ರಿಗರ್) ಎಳೆದು, ಅಂಗಳದಲ್ಲಿ ಅಡಿಕೆ ಹಾಳೆ ಹರಡಿ ಅದರ ಕಡೆ ಬೆನ್ನು ಮಾಡಿ ಮಡಚುತ್ತೇನೆ. ಹಾಳೆಯ ಮೇಲೆ ಬಿದ್ದ ಸದ್ದು ಒಂದೇ ಕೇಳಿದರೆ ಎರಡೂ ಒಟ್ಟಿಗೆ ಬಂದಿವೆ. ‘ಟಕ್’ ಆಗಿ ಸ್ವಲ್ಪ ತಡೆದು ಇನ್ನೊಂದು ‘ಟಕ್’ ಬಂದರೆ ಶುಚಿ ಮಾಡುವ ಸಮಯ. ಅಜ್ಜನ ಕೋವಿಯಲ್ಲಿ ಎಡಗಡೆಯದು ತಡವಾಗುತ್ತಿತ್ತು. ಹಳೆ ಎಣ್ಣೆ ತೊಳೆದ ಮೇಲೆ ಅರ್ಧ ಸರಿಹೋಯಿತು. ಇನ್ನರ್ಧ ಸ್ಪ್ರಿಂಗಿನದ್ದೇ ದೋಷ. ಸ್ಪ್ರಿಂಗ್ ಬದಲಿಸುವುದು, ಸುತ್ತಿಗೆಯ ಕೊಕ್ಕೆ ಅರ ಹಾಕಿ ಉಜ್ಜುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೂ ಆ ಕೊಕ್ಕೆ ಹೋಯಿತು. ಅದರ ಬಿಡಿಭಾಗ ಪೇಟೆಯಲ್ಲಿ ಸಿಗುವುದಿಲ್ಲ, ಕೈಯಲ್ಲೇ ಮಾಡಬೇಕು.

ಇಜೆಕ್ಟರಿನ ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಹೋಳುಗಳು ಎರಡಾದ್ದರಿಂದ ಒಂದೊಂದೂ ತೋಟಾದ ಅಂಚನ್ನು ಹಿಡಿಯುವ ಜಾಗ ಚಿಕ್ಕದು. ಹೋಳು ಸವೆದಿದ್ದರೆ ಅಂಚಿನ ಮೇಲಿಂದ ಜಾರಿ ಆಚೆ ಹೋಗಿಬಿಡುತ್ತದೆ. ತೋಟಾ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೋವಿ ಮುಚ್ಚಲೂ ಆಗುವುದಿಲ್ಲ, ತೋಟಾ ತೆಗೆಯಲೂ ಆಗುವುದಿಲ್ಲ. ನಡುರಾತ್ರಿ, ಜಡಿಮಳೆ, ಟಾರ್ಚು ಬಾಯಲ್ಲಿ. ಎಕ್ಸ್‌ಟ್ರ್ಯಾಕ್ಟರಿನಲ್ಲಿ ನಾನು ಇದನ್ನು ಕಂಡಿಲ್ಲ.

ಹಾರಿದ ತೋಟಾ ಹುಡುಕುವುದೂ ಸುಲಭವಲ್ಲ. ತೋಟದಲ್ಲಿ ಸೊಪ್ಪು ಹಾಕಿದ ಮೇಲೆ ಬಿದ್ದದ್ದು ಕಾಣುವುದಿಲ್ಲ. ಪ್ಲಾಸ್ಟಿಕ್ ಆದ್ದರಿಂದ ಕೊಳೆಯುವುದೂ ಇಲ್ಲ. ಮಳೆಗೆ ಕಪ್ಪಿನಲ್ಲಿ (ತೋಟದ ಬಸಿಗಾಲುವೆ) ತೇಲಿ ಹಳ್ಳಕ್ಕೆ ಹೋಗುತ್ತದೆ. ನಾನು ಖಾಲಿ ತೋಟಾಗಳನ್ನೆಲ್ಲ ಎಣಿಸಿ ಡಬ್ಬದಲ್ಲಿ ಇಡುವವನು. ತಂದದ್ದೆಷ್ಟು, ಸುಟ್ಟದ್ದೆಷ್ಟು ಎಂದು ಯಾರಾದರೂ ಕೇಳಿದರೆ ಲೆಕ್ಕ ಕೈಯಲ್ಲೇ ಇರಬೇಕು. ಹಾಗಾಗಿ ಇಜೆಕ್ಟರ್ ಮಡಚುವಾಗ ಅಂಗೈಯನ್ನು ನಳಿಗೆಯ ಹಿಂದೆ ಅಡ್ಡ ಹಿಡಿಯುತ್ತೇನೆ. ಕೈಯಲ್ಲೇ ತಡೆದು ಹಿಡಿಯುವುದಾದರೆ ಹಾರಿಸುವ ಯಂತ್ರ ಯಾಕೆ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ.

ಭಾವನ ಪಂಪ್ ಆಕ್ಷನ್ ಬೇರೆಯೇ ಲೋಕ. ಮುಂದಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಬೋಲ್ಟಿನ (ನಳಿಗೆಯ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಸರಿಯುವ ಉಕ್ಕಿನ ತುಂಡು) ಕೊಕ್ಕೆ ತೋಟಾದ ಅಂಚು ಹಿಡಿದು ಹೊರಗೆ ಎಳೆಯುತ್ತದೆ. ತೋಟಾ ಒಳಗಿನ ಒಂದು ಸಣ್ಣ ಚಾಚಿಗೆ (ಇದಕ್ಕೂ ಇಜೆಕ್ಟರ್ ಎಂದೇ ಹೆಸರು) ಬಡಿದು ಬಲಗಡೆಯ ಕಿಂಡಿಯಿಂದ ಆಚೆ ಚಿಮ್ಮುತ್ತದೆ. ಇಲ್ಲಿ ತೋಟಾ ಎಷ್ಟು ದೂರ ಹೋಗುತ್ತದೆ ಎನ್ನುವುದು ಪೂರಾ ಕೈಯ ಮೇಲೆ. ಜೋರಾಗಿ ಎಳೆದರೆ ದೂರ ಬೀಳುತ್ತದೆ. ಮೆಲ್ಲಗೆ ಎಳೆದರೆ ಕಿಂಡಿಯಲ್ಲೇ ಅಡ್ಡ ನಿಲ್ಲುತ್ತದೆ. ಭಾವ ಮೊದಲೆಲ್ಲ ಸದ್ದಾಗಬಾರದೆಂದು ನಿಧಾನಕ್ಕೆ ಎಳೆಯುತ್ತಿದ್ದರು. ‘ಭಾವ, ಕೊನೆವರೆಗೂ ಜೋರಾಗಿ ಎಳೀರಿ, ಅರ್ಧಕ್ಕೆ ನಿಲ್ಲಿಸಬೇಡಿ’ ಅಂದೆ. ‘ಎಳೆದರೆ ಸದ್ದಿಗೇ ಹಂದಿ ಓಡ್ತದಲ್ಲ ಮಾರಾಯ’ ಅಂದರು. ಓಡಿಸುವುದೇ ನಮ್ಮ ಕೆಲಸ ತಾನೇ! ಜೋರಾಗಿ ಎಳೆಯಲು ಶುರು ಮಾಡಿದ ಮೇಲೆ ಸಿಕ್ಕಿಕೊಳ್ಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಎಡಚರಿಗೆ ಮಾತ್ರ ಇದು ಹಿತವಲ್ಲ. ತೋಟಾ ಮುಖದ ಮುಂದೆಯೇ ಹಾದುಹೋಗುತ್ತದೆ.

ತಾನೇ ತುಂಬಿಕೊಳ್ಳುವ ಕೋವಿಗಳ ಮಾತೂ ಬರುತ್ತದೆ. ನಮ್ಮೂರಿನ ನಿವೃತ್ತ ಸೈನಿಕರೊಬ್ಬರು ಸೇನೆಯಲ್ಲಿ 7.62 ಮಿ.ಮೀ ಎಸ್‌ಎಲ್‌ಆರ್ (ತಾನೇ ತುಂಬಿಕೊಳ್ಳುವ ರೈಫಲ್) ಹಿಡಿದವರು. ಅದರಲ್ಲಿ ಮದ್ದು ಉರಿದು ಬರುವ ಗ್ಯಾಸ್ ಹೊಂದಿಸುವ ಒಂದು ಬಳೆ ಇತ್ತು. ಗ್ಯಾಸ್ ಕಡಿಮೆಯಾದರೆ ಖಾಲಿ ತೋಟಾ ಹೊರಗೆ ಬೀಳದೆ ಸಿಕ್ಕಿಕೊಳ್ಳುತ್ತದೆ. ಜಾಸ್ತಿಯಾದರೆ ದೂರಕ್ಕೆ ಎಸೆದು, ಹೆಗಲಿಗೂ ಗುದ್ದಿ, ಕೋವಿಯನ್ನೂ ಸವೆಸುತ್ತದೆ. ತೋಟಾ ಬಿದ್ದ ಜಾಗ ನೋಡಿಯೇ ಅವರು ಬಂದೂಕಿನ ಆರೋಗ್ಯ ಹೇಳಬಲ್ಲರು. 12 ಬೋರಿನ ಸೆಮಿ ಆಟೋಮ್ಯಾಟಿಕ್ ಕೋವಿಗಳಿಗೂ ಇದೇ ಲೆಕ್ಕ. ತೋಟಾದ ಬಲದಿಂದಲೇ ಅವು ನಡೆಯುವುದರಿಂದ, ಹಗುರ ತೋಟಾ ಹಾಕಿದರೆ ಬೋಲ್ಟ್ ಪೂರಾ ಹಿಂದೆ ಹೋಗುವುದಿಲ್ಲ. ಸಿಕ್ಕಿದ ತೋಟಾ ತಂದು ಬಳಸುವ ನಮ್ಮಂಥವರಿಗೆ ಅದು ಹೊಂದುವುದಿಲ್ಲ.

ಯಾವ ಕೋವಿಯಾದರೂ ತೋಟಾ ಸರಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ವರ್ಷಕ್ಕೆ 7,000 ಮಿ.ಮೀ ಮಳೆ ದಾಟುವ ಆಗುಂಬೆಯ ಸುತ್ತ ಹಳೆ ಕಾಗದದ ತೋಟಾ ಉಬ್ಬಿಕೊಂಡು ಚೇಂಬರಿಗೆ ಹೋಗುವುದೇ ಕಷ್ಟ. ಹೋದರೂ ಬರುವುದು ಇನ್ನೂ ಕಷ್ಟ. ಪ್ಲಾಸ್ಟಿಕ್ ತೋಟಾಕ್ಕೆ ಆ ಕಾಟ ಇಲ್ಲ. ಆದರೆ ಅದರ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ಬರುತ್ತದೆ. ಅದನ್ನು ಒರೆಸಿಯೇ ಹಾಕಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಅಜ್ಜಂದಿರ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಚೇಂಬರ್ 65 ಮಿ.ಮೀ. ಈಗ ಸಿಗುವ ತೋಟಾಗಳಲ್ಲಿ 70 ಮಿ.ಮೀ ಇರುವವು ಜಾಸ್ತಿ. ಮುಚ್ಚಿದ ತೋಟಾ ಗಿಡ್ಡ ಇರುವುದರಿಂದ ಹಳೆ ಚೇಂಬರಿನಲ್ಲೂ ಸಲೀಸಾಗಿ ಕೂರುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವುದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ತೋಟಾ ಕಚ್ಚಿಕೊಳ್ಳುವುದು ಅದರ ಸಣ್ಣ ಪರಿಣಾಮ. ದೊಡ್ಡದು ನಳಿಗೆಗೂ ಕೈಗೂ ಬರುವ ಅಪಾಯ. ನಳಿಗೆಯ ಕೆಳಗಿನ ಗುರುತು ನೋಡಿ, ತಿಳಿಯದಿದ್ದರೆ ರಿಪೇರಿಯವರಲ್ಲಿ ಅಳೆಸಿಯೇ ತೋಟಾ ತನ್ನಿ.

ತೋಟ ಕಾಯಲು ನನ್ನ ಆಯ್ಕೆ ಎಕ್ಸ್‌ಟ್ರ್ಯಾಕ್ಟರ್ ಜೋಡಿ ನಳಿಗೆ. ನಮಗೆ ಬೇಕಿರುವುದು ಒಂದು ಸದ್ದು, ಹೆಚ್ಚೆಂದರೆ ಎರಡು. ಮೂರನೆಯದಕ್ಕೆ ಅವಸರ ಇಲ್ಲ. ಆ ಹೊತ್ತಿನಲ್ಲಿ ತೋಟಾ ಕೈಗೇ ಬರಲಿ, ಜೇಬಿಗೆ ಹೋಗಲಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ವಾರಗಟ್ಟಲೆ ಮುಟ್ಟದೇ ಇದ್ದರೂ, ತಂದ ದಿನ ಚೇಂಬರಿಗೆ ಹಿತ್ತಾಳೆ ಬ್ರಷ್ ಹಾಕಿ ಒರೆಸಿದರೆ ಅದು ಕೆಲಸಕ್ಕೆ ತಯಾರು. ಬರೀ ರಾತ್ರಿ ಕಾವಲಿನವರು, ಕತ್ತಲಲ್ಲೇ ತುಂಬುವವರು ಇಜೆಕ್ಟರ್ ತಗೊಂಡರೆ ನಾನು ಬೇಡ ಅನ್ನುವುದಿಲ್ಲ. ಹಳೆಯದಾದರೆ ಅಂಗಡಿಯಲ್ಲೇ ಎರಡು ಡಮ್ಮಿ ಹಾಕಿಸಿ ನೋಡಿ. ಒಂದು ಕುದುರೆ ಮಾತ್ರ ಎಳೆದು ಮಡಚಿ. ಆ ಕಡೆಯದು ಹಾರಬೇಕು, ಈ ಕಡೆಯದು ನಿಲ್ಲಬೇಕು. ಎರಡೂ ಹಾರಿದರೆ, ಅಥವಾ ಎರಡೂ ನಿಂತರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ.