80 ರೂಪಾಯಿಯ ಕೆಮಿಸ್ಟ್ರಿ ಪಾಕೆಟ್ ಬುಕ್: ಸಾವಯವಕ್ಕೆ ಸೈ, ವಿಕಿರಣಕ್ಕೆ ಹುಷಾರು

ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರು ಬಸ್ಸಲ್ಲಿ ಹಿಡಿದುಕೊಂಡು ಕೂರುವ ಥರದ ಪುಸ್ತಕ ಇದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕಿತು. ಪ್ರಕಾಶನದ ಹೆಸರು ಬೇಡ ಬಿಡಿ. ಪೂರ್ತಿ ಒಂದು ಸಾಲಿನ ಪ್ರಶ್ನೋತ್ತರ. ಸಾವಯವ ಸಂಯುಕ್ತಗಳ, ಅಂದರೆ ಕಾರ್ಬನ್ ಇರುವ ವಸ್ತುಗಳ ಭಾಗಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ, ಆದರೆ ವಿಕಿರಣಶೀಲತೆಯ ಭಾಗವನ್ನು ಹಾಗೇ ಬಾಯಿಪಾಠ ಮಾಡಿಕೊಂಡು ಹೋದರೆ ಅಂಕ ಹೋಗುವುದು ಗ್ಯಾರಂಟಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. 1828ರಲ್ಲಿ ವೋಲರ್ ಅನ್ನುವ ವಿಜ್ಞಾನಿ ಪ್ರಯೋಗಾಲಯದಲ್ಲೇ ಯೂರಿಯಾ ಮಾಡಿ ತೋರಿಸಿದ, ಇಂಥ ವಸ್ತುಗಳು ಜೀವಿಗಳ ಮೈಯಲ್ಲಿ ಮಾತ್ರ ಆಗುತ್ತವೆ ಅನ್ನುವ ನಂಬಿಕೆಗೆ ಅಲ್ಲಿಂದ ಪೆಟ್ಟು ಬಿತ್ತು ಅಂತ ಚುಟುಕಾಗಿ ಶುರು ಮಾಡಿದ್ದಾರೆ. ಆಮೇಲೆ ನೇರ ಅಡುಗೆಮನೆಗೆ ಬರುತ್ತಾರೆ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ವಿನೆಗರ್‌ನಲ್ಲಿ ಅಸಿಟಿಕ್. ಸಿಲಿಂಡರ್‌ನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಸೇರಿಸುತ್ತಾರೆ. ಇದೆಲ್ಲ ಒಂದು ಸಲ ಓದಿದರೆ ಸಾಕು, ಮರೆಯಲ್ಲ.

ಮಾವಿನಹಣ್ಣಿನ ವಿಷಯವಂತೂ ಚೆನ್ನಾಗಿದೆ. ಕಾರ್ಬೈಡ್‌ಗೆ ತೇವ ತಾಗಿದರೆ ಬರುವುದು ಈಥೈನ್, ಅಂದರೆ ಅಸಿಟಿಲೀನ್. ಹಣ್ಣು ತಾನಾಗಿ ಮಾಗುವಾಗ ಬಿಡುವುದು ಈಥೀನ್. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಮ್ಮಲ್ಲಿ ನಿಷೇಧ ಇದೆ ಅನ್ನುವುದನ್ನೂ ಸೇರಿಸಿದ್ದಾರೆ. ಇಷ್ಟೆಲ್ಲ ಮಾಡಿ ಮುಂದಿನ ಪುಟದ ಪಟ್ಟಿಯಲ್ಲಿ ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್ ಎದುರು 'ಈಥೇನ್' ಅಂತ ಅಚ್ಚಾಗಿದೆ! ಈಥೇನ್‌ಗೆ ಆರು ಹೈಡ್ರೋಜನ್ ಬೇಕು. ಕಾಗುಣಿತ ತಪ್ಪಿ 'ಥೀ' ಹೋಗಿ 'ಥೇ' ಆಗಿದ್ದಕ್ಕೆ ಏಕಬಂಧದ ಈಥೇನ್, ದ್ವಿಬಂಧದ ಈಥೀನ್ ಎಲ್ಲ ಕಲಸಿಹೋಗಿದೆ. ಪೆನ್ನಲ್ಲಿ ತಿದ್ದಿಕೊಳ್ಳಿ.

ಇನ್ನು ವಿಕಿರಣಶೀಲತೆ. ಬೆಕೆರೆಲ್ ಇದನ್ನು ಕಂಡುಹಿಡಿದದ್ದು 1896, ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದದ್ದು ಪೊಲೋನಿಯಂ ಮತ್ತು ರೇಡಿಯಂ, ಇಲ್ಲಿಯವರೆಗೆ ಸರಿ. ಅರ್ಧಾಯು, ಅಂದರೆ ವಿಕಿರಣಶೀಲ ವಸ್ತು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಬಂದ ಕೂಡಲೇ ಹಳಿ ತಪ್ಪುತ್ತದೆ. ಅಯೋಡಿನ್-131ರ ಅರ್ಧಾಯು 8 ದಿನ, 16 ದಿನದ ಮೇಲೆ ಎಷ್ಟು ಉಳಿಯುತ್ತದೆ ಅಂತ ಪ್ರಶ್ನೆ. ಉತ್ತರ 'ಸೊನ್ನೆ' ಅಂತೆ! ಎಂಟು ದಿನಕ್ಕೆ ಅರ್ಧ ಹೋದರೆ ಇನ್ನೆಂಟು ದಿನಕ್ಕೆ ಉಳಿದದ್ದರಲ್ಲಿ ಅರ್ಧ ತಾನೇ ಹೋಗುವುದು? 80 ಗ್ರಾಂ ಇದ್ದರೆ 8 ದಿನಕ್ಕೆ 40, 16ಕ್ಕೆ 20, 24ಕ್ಕೆ 10. ಇದೊಂದು ಲೆಕ್ಕ ಬಿಡಿಸಿ ತೋರಿಸಿದ್ದರೆ ಇಡೀ ಅಧ್ಯಾಯ ಅರ್ಥವಾಗುತ್ತಿತ್ತು. ಅದರ ಬದಲು ಸುಮ್ನೆ ಒಂದು ಪುಟ ಅರ್ಧಾಯುಗಳ ಪಟ್ಟಿ ತುಂಬಿದ್ದಾರೆ.

ವಿಕಿರಣದಲ್ಲಿ ಹೊರಬೀಳುವ ಬೀಟಾ ಕಣ ಪರಮಾಣುವಿನ ಹೊರಕವಚದಿಂದ ಬರುವ ಎಲೆಕ್ಟ್ರಾನ್ ಅಂತಲೂ ಬರೆದಿದ್ದಾರೆ. ಅಲ್ಲ, ಅದು ಬರುವುದು ನ್ಯೂಕ್ಲಿಯಸ್‌ನಿಂದ. ಅಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಆ ಹೊತ್ತಲ್ಲಿ ಎಲೆಕ್ಟ್ರಾನ್ ಹುಟ್ಟಿ ಹೊರಗೆ ಹಾರುತ್ತದೆ. ಅದಕ್ಕೇ ಕಾರ್ಬನ್-14 ಹೋಗಿ ನೈಟ್ರೋಜನ್-14 ಆಗುವುದು, ಪರಮಾಣು ಸಂಖ್ಯೆ ಒಂದು ಜಾಸ್ತಿ. ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ ಅಲ್ವಾ?

ಕೈಗಾ ಅಣು ವಿದ್ಯುತ್ ಸ್ಥಾವರದ ಬಗ್ಗೆ ಇರುವುದು ಒಂದೇ ಪ್ರಶ್ನೆ, ಯಾವ ಜಿಲ್ಲೆ ಅಂತ. ಉತ್ತರ ಕನ್ನಡ, ಸರಿ. ಆದರೆ ಅಲ್ಲಿ ನೈಸರ್ಗಿಕ ಯುರೇನಿಯಂ ಇಂಧನ, ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಭಾರಜಲ, ಒಂದೊಂದೂ 220 ಮೆಗಾವ್ಯಾಟ್‌ನ ನಾಲ್ಕು ಘಟಕ, ಇದ್ಯಾವುದೂ ಇಲ್ಲ.

ಕಾಗದ ತೆಳು, ಹಿಂದಿನ ಪುಟದ ಅಕ್ಷರ ಈ ಕಡೆ ಕಾಣುತ್ತದೆ. ಕೊಳ್ಳುವುದಾದರೆ ಸಾವಯವದ ಪುಟಗಳಿಗೋಸ್ಕರ ಕೊಳ್ಳಿ. ವಿಕಿರಣಶೀಲತೆಗೆ ಯಾವುದಾದರೂ ಹಳೆಯ ಪಿಯುಸಿ ಪಠ್ಯಪುಸ್ತಕ ಹುಡುಕಿ, ಅದೇ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ರಾಶಿಯಲ್ಲಿ ಸಿಗುತ್ತದೆ, ಸ್ವಲ್ಪ ಚೌಕಾಸಿ ಮಾಡಿ.