ಮೂರು ಅಳಿವೆಗಳಲ್ಲಿ ಕಯಾಕಿಂಗ್: ನನ್ನ ಆಯ್ಕೆ ಅಘನಾಶಿನಿ

ಉತ್ತರ ಕನ್ನಡದ ಕರಾವಳಿಯಲ್ಲಿ ಕಯಾಕ್ ನಡೆಸಿ, ರಾತ್ರಿ ಟೆಂಟಿನಲ್ಲಿ ಮಲಗಿ, ಬೆಳಗ್ಗೆ ಹಕ್ಕಿ ನೋಡಬೇಕೆನ್ನುವವರ ಮುಂದೆ ಕಾರವಾರದ ಕಾಳಿ, ಹೊನ್ನಾವರದ ಶರಾವತಿ ಮತ್ತು ಕುಮಟಾದ ಅಘನಾಶಿನಿ ನದಿಗಳ ಅಳಿವೆಗಳು, ಅಂದರೆ ನದಿ ಕಡಲನ್ನು ಸೇರುವ ಜಾಗಗಳು, ಇವೆ. ಮೂರರಲ್ಲೂ ಹುಟ್ಟು ಹಾಕಿರುವ ನಾನು ಇನ್ನು ಮುಂದೆ ದುಡ್ಡು ಖರ್ಚು ಮಾಡುವುದಾದರೆ ಅದು ಅಘನಾಶಿನಿಗೇ.

ಕಾರಣ ನದಿಯಲ್ಲೇ ಇದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ, ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಹರಿದುಬರುತ್ತದೆ. ಉಪ್ಪುನೀರನ್ನೇ ನಂಬಿದ ಚಿಪ್ಪುಜೀವಿಗಳು ಅಲ್ಲಿ ವಿರಳವಾಗಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲವಾದ್ದರಿಂದ ಸಮುದ್ರ ಒಳಗೆ ಬಂದು ಹೋಗುವ ಲಯ ಕೆಟ್ಟಿಲ್ಲ. ಅಲ್ಲಿ ಬಳಚು ಎಂಬ ತಿನ್ನುವ ಚಿಪ್ಪುಜೀವಿ ಧಾರಾಳ, ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪನ್ನು ತಾಳುವ ಕಗ್ಗ ಭತ್ತ ಇಂದಿಗೂ ಬೆಳೆಯುತ್ತದೆ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿದೆ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಕಯಾಕನ್ನು ಸುಮ್ಮನೆ ನಿಲ್ಲಿಸಿದರೆ, ಕೆಸರಿನ ಮೇಲೆ ಈಜುರೆಕ್ಕೆಗಳನ್ನೂರಿ ಜಿಗಿಯುವ ಮಣ್ಣುಜಿಗಿ ಮೀನನ್ನೂ, ಒಂದೇ ದೊಡ್ಡ ಕೊಂಡಿಯನ್ನು ಮೇಲೆತ್ತಿ ಬೀಸುವ ಗಂಡು ಏಡಿಯನ್ನೂ ಮೊಳದ ದೂರದಿಂದ ನೋಡಬಹುದು.

ಆದರೆ ಇಲ್ಲಿ ಒಂದು ತೊಡಕಿದೆ, ಮತ್ತು ಅದು ಸಣ್ಣದಲ್ಲ. ನಾನು ಮೊದಲ ಸಲ ಹೋದಾಗ ಹಣ ಪಡೆದ ಸಂಸ್ಥೆಯವರು ಎಲ್ಲರಿಗೂ ಎಲ್ಲ ದಿನವೂ ಬೆಳಗ್ಗೆ ಒಂಬತ್ತರ ಸಮಯವನ್ನೇ ಕೊಡುತ್ತಿದ್ದರು. ಉಬ್ಬರ-ಇಳಿತಗಳ ಲೆಕ್ಕವೇ ಅವರಿಗಿರಲಿಲ್ಲ. ಕಾಂಡ್ಲಾ ನಡುವಿನ ಕಿರು ಕಾಲುವೆಗೆ ತಿರುಗುವಷ್ಟರಲ್ಲಿ ನೀರು ಇಳಿಯತೊಡಗಿತ್ತು, ಸ್ವಲ್ಪ ಹೊತ್ತಿಗೆ ಕಯಾಕಿನ ತಳ ಕೆಸರಿಗೆ ಅಂಟಿತು. ಇಳಿದು ತಳ್ಳೋಣವೆಂದರೆ ಕಾಲು ಮೊಣಕಾಲಿನವರೆಗೆ ಹೂಳುತ್ತದೆ, ಬೇರು ಹಿಡಿದರೆ ಅದರ ಮೇಲಿನ ಚಿಪ್ಪುಗಳು ಅಂಗೈ ಕೊಯ್ಯುತ್ತವೆ. ನೀರು ಮತ್ತೆ ಏರುವವರೆಗೆ ಬಿಸಿಲಿನಲ್ಲಿ ಕೂತಿದ್ದೆವು. ದಡಕ್ಕೆ ಬಂದು ಹಣ ವಾಪಸ್ ಕೇಳಿದಾಗ, ನೀರಿಲ್ಲದಿದ್ದರೆ ತಾವೇನು ಮಾಡಲಾದೀತು ಎಂಬ ಉತ್ತರ ಸಿಕ್ಕಿತು.

ಇದು ನದಿಯ ದೋಷವಲ್ಲ. ಅದೇ ಹೊತ್ತಿನಲ್ಲಿ ಬಳಚು ಹೆಕ್ಕಲು ಬಂದಿದ್ದ ಹೆಂಗಸರು ತಿಥಿ ನೋಡಿಯೇ ಮನೆಯಿಂದ ಹೊರಟಿದ್ದರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಹಾಗಿರುವಾಗ ಗಡಿಯಾರದ ಒಂದೇ ಸಮಯವನ್ನು ಎಲ್ಲ ದಿನಕ್ಕೂ ಮಾರುವುದು ಅನ್ಯಾಯ. ಮುಂದಿನ ಸಲ ಊರಿನ ಮೀನುಗಾರರೊಬ್ಬರ ಮಾತು ಕೇಳಿ ಉಬ್ಬರಕ್ಕೆ ಮುಂಚೆ ಹೊರಟಾಗ, ಅದೇ ಕಾಲುವೆಯಲ್ಲಿ ನೀರಿನ ಏರಿಕೆಯೇ ಕಯಾಕನ್ನು ಒಳಗೆ ಕೊಂಡೊಯ್ದಿತು.

ಶರಾವತಿ ಕೆಟ್ಟದ್ದೇನಲ್ಲ. ಹೊನ್ನಾವರದಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನೊಳಗೆ ಹಾಕಿರುವ ಕಾಲುಹಾದಿ ವಯಸ್ಸಾದವರಿಗೆ, ನೀರಿಗಿಳಿಯಲು ಹೆದರುವವರಿಗೆ ನಿಜವಾದ ಉಪಕಾರ. ರಜಾದಿನಗಳಲ್ಲಿ ಯಾಂತ್ರಿಕ ದೋಣಿಗಳ ಸದ್ದಿಗೆ ಮಿಂಚುಳ್ಳಿ ಕೂಡ ನಿಲ್ಲುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಕಾಳಿ ನೋಡಲು ಬಲು ಚೆಂದ, ಅಲ್ಲಿನ ದೇವಬಾಗ ಕಡಲತೀರದ ಗಾಳಿಮರಗಳ ತೋಪು ಇನ್ನೂ ಚೆಂದ. ವಾಸ್ತವ್ಯದ ದರ ಮಾತ್ರ ನನ್ನ ಜೇಬಿಗೆ ಹೊಂದಲಿಲ್ಲ.

ಟೆಂಟಿನ ಬಗ್ಗೆ ಒಂದು ಮಾತು. ಎಲ್ಲಿಗೇ ಹೋದರೂ ಕಡಲ ಮರಳಿನ ಮೇಲೆ ಹಾಕಬೇಡಿ. ಚಳಿಗಾಲದಲ್ಲಿ ಈ ತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ದೀಪದ ಬೆಳಕು ಮರಿಗಳ ದಾರಿ ತಪ್ಪಿಸುತ್ತದೆ. ಹೋಂಸ್ಟೇಯ ತೆಂಗಿನ ತೋಟದಲ್ಲಿ ಜಾಗ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ, ಊಟವೂ ಅಲ್ಲೇ ಆಗುತ್ತದೆ.

ಒಬ್ಬರೋ ಇಬ್ಬರೋ ಹೋಗುವ, ರೈಲಿನಲ್ಲಿ ಓಡಾಡುವ, ಹೆಚ್ಚು ಖರ್ಚು ಬೇಡವೆನ್ನುವ ನನ್ನಂಥವರಿಗೆ ಅಘನಾಶಿನಿಯೇ ಸರಿ. ಅಪ್ಪ-ಅಮ್ಮನ ಜೊತೆಗಾದರೆ ಹೊನ್ನಾವರಕ್ಕೆ ಹೋಗುತ್ತೇನೆ. ಮುಂಗಡ ಕೊಡುವ ಮೊದಲು ಆ ದಿನದ ಉಬ್ಬರ ಎಷ್ಟು ಹೊತ್ತಿಗೆ ಎಂದು ಕೇಳಿ, ಉತ್ತರ ಗೊತ್ತಿಲ್ಲದವರಿಗೆ ಹಣ ಕೊಡಬೇಡಿ.