ಎಐ ಆ್ಯಪ್ ಮೊದಲು ಎಲ್ಲಿ ಬಿಡುವುದು: ಚೀನಾ, ಯುರೋಪ್, ಅಮೆರಿಕ

ಬರಹ, ಚಿತ್ರ ತಯಾರಿಸುವ ಎಐ ಆ್ಯಪ್ ಕಟ್ಟಿದ್ದೀರಾ? ಹೊರದೇಶದಲ್ಲಿ ಬಿಡುವ ಮುಂಚೆ ಅಲ್ಲಿನ ಕಾನೂನು ನೋಡಿಕೊಳ್ಳಿ.

ಚೀನಾದ ನಿಯಮ 2023ರ ಆಗಸ್ಟ್ 15ರಿಂದಲೇ ಇದೆ. ಜನಾಭಿಪ್ರಾಯವನ್ನು ತಿರುಗಿಸಬಲ್ಲ ಸೇವೆಗೆ ಸುರಕ್ಷತಾ ಪರೀಕ್ಷೆ, ಅಲ್ಗಾರಿದಮ್ (ಆ್ಯಪ್ ಕೆಲಸ ಮಾಡುವ ಸೂತ್ರ) ನೋಂದಣಿ ಎರಡೂ ಬೇಕು. ಆ್ಯಪ್ ಏನು ಹೇಳುತ್ತದೆ ಎಂಬುದರ ಮೇಲೂ ಸರ್ಕಾರದ ಕಣ್ಣಿದೆ. ಸಣ್ಣ ತಂಡಕ್ಕೆ ಇದು ಭಾರ.

ಯುರೋಪಿನ, ಅಂದರೆ ಯುರೋಪಿಯನ್ ಒಕ್ಕೂಟದ, ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಹಂತಹಂತವಾಗಿ ಅನ್ವಯವಾಗುತ್ತಿದೆ. ಅದು ಕೇಳುವ ಪ್ರಶ್ನೆಯೇ ಬೇರೆ: ಇದನ್ನು ಯಾವ ಕೆಲಸಕ್ಕೆ ಬಳಸುತ್ತೀರಿ? ಸುಮ್ನೆ ಹರಟುವ ಚಾಟ್‌ಬಾಟ್ ಆದರೆ ಮುಖ್ಯವಾಗಿ, ಮಾತಾಡುತ್ತಿರುವುದು ಯಂತ್ರ ಅಂತ ಬಳಕೆದಾರರಿಗೆ ಗೊತ್ತಾಗಬೇಕು. ಉದ್ಯೋಗಕ್ಕೆ ಅರ್ಜಿ ಹಾಕಿದವರನ್ನು ಸೋಸುವ ಆ್ಯಪ್ ಆದರೆ ಹೊಣೆ ತುಂಬಾ ಜಾಸ್ತಿ. ನಿಷೇಧಿತ ಬಳಕೆಗೆ ದಂಡ 3.5 ಕೋಟಿ ಯುರೋ ಅಥವಾ ಜಾಗತಿಕ ವಹಿವಾಟಿನ ಶೇ 7ರವರೆಗೆ. ಸಣ್ಣ ಕಂಪನಿಗೆ ಇವೆರಡರಲ್ಲಿ ಕಡಿಮೆಯದ್ದೇ ಮಿತಿ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಸಮಗ್ರ ಕಾನೂನಿಲ್ಲ. ಬೈಡನ್ 2023ರಲ್ಲಿ ಹೊರಡಿಸಿದ್ದ ಎಐ ಆದೇಶವನ್ನು ಟ್ರಂಪ್ 2025ರ ಜನವರಿಯಲ್ಲಿ ರದ್ದು ಮಾಡಿದರು. ಸುಲಭ ಅನ್ನಿಸುತ್ತದೆ ಅಲ್ವಾ? ಆದರೆ ಹಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ.

ನಾನಾದರೆ ಯುರೋಪನ್ನೇ ಆರಿಸುತ್ತೇನೆ. ಕಾಗದಪತ್ರ ಹೆಚ್ಚು, ನಿಜ. ಆದರೆ 27 ದೇಶಗಳಿಗೆ ಒಂದೇ ಕಾಯ್ದೆ.